ಕಲ್ಲುನೆಲದ ಜಲಸಿರೆಗಳು

ಸಂಸ್ಕೃತದಲ್ಲಿ ನೀರಿಗೆ ‘ಜೀವನ’ವೆಂಬ ಹೆಸರೂ ಉಂಟು. ಅಮರಸಿಂಹನು ತನ್ನ ಕೋಶದಲ್ಲಿ ಇದನ್ನು ಜಲದ ಪರ್ಯಾಯನಾಮಗಳೊಡನೆ ಎಣಿಸಿರುವನು. ತುಂಬುಹೊಳೆಯ ದಡದಲ್ಲಿ ವಾಸಿಸುವವನಿಗೆ ಈ ಹೆಸರಿನ ಅರ್ಥವು ಅಷ್ಟಾಗಿ ಹೊಳೆಯದಿರಬಹುದು. ಆದರೆ ಶಿಗ್ಗಾಂವ ಸೀಮೆಯ ಹೊಲದಲ್ಲಿ ಬಾವಿಯನ್ನು ತೋಡುತ್ತ, ಮೂರಾಳು ಆಳದಲ್ಲಿ ಒಣಬಂಡೆಯನ್ನು ಕಂಡು ಕೈಚೆಲ್ಲಿ ನಿಂತ ಒಕ್ಕಲಿಗನಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ.

ಈ ಸೀಮೆಯು ಪಡುವಣ ಮಲೆನಾಡಿಗೂ ಮೂಡಣ ಬಯಲುನಾಡಿಗೂ ನಡುವೆ ಇದೆ. ಮುಂಗಾರಿನಲ್ಲಿ ಸುರಿದ ನೀರು ಹಳ್ಳಗಳನ್ನು ಹಿಡಿದು ವರದೆಯ ಕಡೆಗೆ ಹರಿದುಹೋಗುವುದು; ಉಳಿದ ತಿಂಗಳುಗಳಿಗೆ ಕೆರೆ ಬಾವಿಗಳೇ ಆಧಾರ. ಗಂಗೆಯ ಬಯಲಿನಲ್ಲಾದರೆ ಮರಳು ಮಣ್ಣುಗಳ ದಪ್ಪ ಪದರಗಳು ನೀರನ್ನು ಹೀರಿ ಇಟ್ಟುಕೊಳ್ಳುವುವು. ಅಲ್ಲಿ ಬಹುತರ ಎಲ್ಲಿ ತೋಡಿದರೂ ನೀರು ದೊರೆಯುವುದು. ಇಲ್ಲಿಯ ಸಂಗತಿಯು ಬೇರೆ. ಇಲ್ಲಿಯ ನೆಲದಡಿಯಲ್ಲಿರುವುದು ಭೂಗರ್ಭಶಾಸ್ತ್ರಜ್ಞನಾದ ರಾಬರ್ಟ್ ಬ್ರೂಸ್ ಫೂಟನು 1880ರ ದಶಕದಲ್ಲಿ ಧಾರವಾಡದ ಹೆಸರಿನಿಂದಲೇ ಕರೆದ ಅತಿಪ್ರಾಚೀನ ಶಿಲಾಸಮೂಹ. ಈ ಬಂಡೆಗಳ ಮೈಯಲ್ಲಿ ನೀರು ಹೊಗಲಾರದು. ಮೇಲಣ ಶಿಥಿಲವಾದ ಗರಸಿನಲ್ಲಿಯೂ, ಕೆಳಗಣ ಬಿರುಕುಗಳಲ್ಲಿಯೂ ಮಾತ್ರವೇ ಅದಕ್ಕೆ ನೆಲೆ. ಆದಕಾರಣ ಒಂದು ಬಾವಿ ತುಂಬಿದ್ದು, ಹತ್ತು ಮಾರು ಆಚೆಗೆ ತೋಡಿದ ಮತ್ತೊಂದು ಬರಿದಾಗಿರುವುದು ಇಲ್ಲಿ ಆಶ್ಚರ್ಯವಲ್ಲ.

ಇಂತಹ ನೆಲದಲ್ಲಿ ನೀರನ್ನು ಅರಸುವ ವಿದ್ಯೆಯು ಭರತಖಂಡದಲ್ಲಿ ಬಹು ಹಳೆಯದು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ‘ದಕಾರ್ಗಲ’ವೆಂಬ ಅಧ್ಯಾಯವನ್ನೇ ಇದಕ್ಕೆ ಮೀಸಲಿಟ್ಟಿರುವನು. ಮನುಷ್ಯನ ಅಂಗಗಳಲ್ಲಿ ರಕ್ತನಾಳಗಳಿರುವಂತೆ ಭೂಮಿಯಲ್ಲಿಯೂ ಮೇಲೆ ಕೆಳಗೆ ಜಲಸಿರೆಗಳಿರುವುವೆಂಬುದೂ, ಆಕಾಶದಿಂದ ಒಂದೇ ಬಣ್ಣ ಒಂದೇ ರುಚಿಯಿಂದ ಬಿದ್ದ ನೀರು ನೆಲದ ಭೇದದಿಂದ ನಾನಾ ರಸಗಳನ್ನು ಪಡೆಯುವುದೆಂಬುದೂ ಅವನ ಮೊದಲ ಮಾತುಗಳು. ಬಳಿಕ ಮರ, ಹುತ್ತ, ಮಣ್ಣು, ಕಲ್ಲುಗಳ ಲಕ್ಷಣಗಳು ಬರುವುವು. ನೇರಳೆಯ ಮರಕ್ಕೆ ಮೂಡಲಲ್ಲಿ ಸಮೀಪವೇ ಹುತ್ತವಿದ್ದರೆ, ತೆಂಕಣ ಪಾರ್ಶ್ವದಲ್ಲಿ ಎರಡು ಪುರುಷಪ್ರಮಾಣದ ಆಳದಲ್ಲಿ ಸಿಹಿನೀರು ಉಂಟೆಂಬುದು ಅಂತಹ ಒಂದು ಸೂತ್ರ. ಪುರುಷವೆಂದರೆ ಕೈಯೆತ್ತಿ ನಿಂತ ಆಳಿನ ಎತ್ತರ, ಎಂದರೆ 120 ಅಂಗುಲ. ನಮ್ಮ ಒಕ್ಕಲಿಗರು ಬಾವಿಯ ಆಳವನ್ನು ‘ಆಳು’ಗಳಿಂದಲೇ ಹೇಳುವ ವಾಡಿಕೆಯನ್ನು ವಾಚಕರು ಇಲ್ಲಿ ನೆನೆಯಬಹುದು. ಒಡೆಯದ ಬಂಡೆಯ ಮೇಲೆ ಮುತ್ತುಗ ತೂಬರ ಕಟ್ಟಿಗೆಗಳ ಬೆಂಕಿಯನ್ನು ಉರಿಸಿ, ಅದು ಕೆಂಪಗೆ ಕಾದಾಗ ಸುಣ್ಣದ ನೀರನ್ನೆರೆದು ಸೀಳುವ ಉಪಾಯವನ್ನೂ ಆತನು ಬಿಟ್ಟಿಲ್ಲ.

ಈ ವಿದ್ಯೆಯು ಮುಂದೆ ಕನ್ನಡಕ್ಕೂ ಬಂದಿತು. ಕಲ್ಯಾಣದ ಚಾಲುಕ್ಯರ ಎರಡನೆಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಸುಮಾರು 1025ರಲ್ಲಿ ‘ಲೋಕೋಪಕಾರ’ವೆಂಬ ಗ್ರಂಥವನ್ನು ರಚಿಸಿ, ವಾಸ್ತು, ವೃಕ್ಷಾಯುರ್ವೇದ, ಪಾಕ, ವೈದ್ಯ ಮೊದಲಾದ ವಿಷಯಗಳ ಜೊತೆಗೆ ಅಂತರ್ಜಲದ ಶೋಧನೆಯನ್ನೂ ತಿಳಿಸಿರುವನು. ಈತನು 978ರಲ್ಲಿ ಪುರಾಣವನ್ನು ಬರೆದ ಗಂಗಮಂತ್ರಿ ಚಾವುಂಡರಾಯನಲ್ಲ. ಶಿಗ್ಗಾಂವದ ನೆರೆಯ ಬಂಕಾಪುರವೂ ಆಗ ಚಾಲುಕ್ಯರ ಆಳಿಕೆಯಲ್ಲಿತ್ತು. ಸಂಸ್ಕೃತಪಂಡಿತರ ಸೊತ್ತಾಗಿದ್ದ ಶಾಸ್ತ್ರವನ್ನು ನಾಡಜನರ ನುಡಿಯಲ್ಲಿಟ್ಟ ಆ ಕವಿಯ ಉದ್ದೇಶವು ಗ್ರಂಥದ ಹೆಸರಿನಿಂದಲೇ ವ್ಯಕ್ತವಾಗುವುದು.

ಈ ಲಕ್ಷಣಗಳೆಲ್ಲ ನಿಜವೇ ಎಂದು ಕೇಳಿದರೆ, ಎಲ್ಲವೂ ನಿಜವೆನ್ನುವುದು ಸಾಹಸ, ಎಲ್ಲವೂ ಸುಳ್ಳೆನ್ನುವುದು ಅವಿಚಾರ. ಗೆದ್ದಲಿಗೆ ತೇವವು ಬೇಕು. ಕಡುಬೇಸಗೆಯಲ್ಲಿಯೂ ಹಸುರಾಗಿರುವ ಮರಗಳ ಸಾಲು ಕೆಳಗಣ ತೇವವನ್ನು ಸೂಚಿಸಬಲ್ಲುದು. ಆದರೆ ಎಷ್ಟು ಮೊಳದಲ್ಲಿ, ಯಾವ ದಿಕ್ಕಿನಲ್ಲಿ ಎಂಬ ಖಚಿತವಾದ ಲೆಕ್ಕವು ಎಲ್ಲ ನೆಲಕ್ಕೂ ಹೊಂದಲಾರದು. ಕವಲುಕಡ್ಡಿಯನ್ನು ಹಿಡಿದು ನಡೆಯುವ ಪದ್ಧತಿಗೆ ಅಷ್ಟು ಆಧಾರವೂ ಇಲ್ಲ. ಜರ್ಮನಿಯ ಅಗ್ರಿಕೋಲನು 1556ರ ತನ್ನ ಗಣಿಗಾರಿಕೆಯ ಗ್ರಂಥದಲ್ಲಿಯೇ, ನೆಲದ ಸಹಜಲಕ್ಷಣಗಳನ್ನು ಬಲ್ಲ ಗಣಿಗಾರನಿಗೆ ಆ ಕಡ್ಡಿಯು ಬೇಕಿಲ್ಲವೆಂದು ಹೇಳಿರುವನು.

ಇಪ್ಪತ್ತನೆಯ ಶತಮಾನದಲ್ಲಿ ಹೊಸ ಸಾಧನಗಳು ಬಂದುವು. ಫ್ರಾನ್ಸಿನ ಶ್ಲುಂಬರ್ಜೆಯು 1912ರಲ್ಲಿ ನೆಲದೊಳಗೆ ವಿದ್ಯುತ್ತನ್ನು ಹರಿಸಿ ಒಳಗಣ ಸ್ಥಿತಿಯನ್ನು ಅಳೆಯತೊಡಗಿದನು; ಅಮೆರಿಕೆಯ ವೆನ್ನರನು 1915ರಲ್ಲಿ ತನ್ನ ಕ್ರಮವನ್ನು ಪ್ರಕಟಿಸಿದನು. ಸಾಲಾಗಿ ನೆಟ್ಟ ನಾಲ್ಕು ಸರಳುಗಳಲ್ಲಿ ಹೊರಗಿನ ಎರಡರಿಂದ ವಿದ್ಯುತ್ತನ್ನು ಕಳುಹಿ, ಒಳಗಿನ ಎರಡರಲ್ಲಿ ಅದರ ಒತ್ತಡವನ್ನು ನೋಡುವರು. ಗಟ್ಟಿಯಾದ ಒಣಬಂಡೆಯು ವಿದ್ಯುತ್ತನ್ನು ತಡೆಯುವುದು. ನೀರು ತುಂಬಿದ ಬಿರುಕು ಅದಕ್ಕೆ ದಾರಿಗೊಡುವುದು. ಒದ್ದೆಯ ಜೇಡಿಯೂ ದಾರಿಗೊಡುವುದಾದ್ದರಿಂದ, ಯಂತ್ರದ ಅಂಕೆಯನ್ನು ನೆಲದ ಲಕ್ಷಣದೊಡನೆ ಹೊಂದಿಸಿ ನೋಡುವ ವಿವೇಕವು ಬೇಕು. ಹಳ್ಳಗಳು ಗೆರೆಯೆಳೆದಂತೆ ನೆಟ್ಟಗೆ ಹರಿಯುವೆಡೆ, ಅಂತಹ ಎರಡು ಗೆರೆಗಳು ಕೂಡುವೆಡೆ, ಮೆದುಶಿಲೆಯ ನಡುವೆ ಬೆಣಚುಕಲ್ಲಿನ ಸಾಲು ಒಡೆದಿರುವೆಡೆ ಬಿರುಕುಗಳು ಹೆಚ್ಚು. 1988ರಲ್ಲಿ ಹಾರಿದ ಭಾರತದ ಐ.ಆರ್.ಎಸ್. 1ಎ ಮೊದಲಾದ ಉಪಗ್ರಹಗಳ ಚಿತ್ರಗಳಲ್ಲಿ ಈ ಗೆರೆಗಳು ಮೈಲಿಗಟ್ಟಲೆ ಸ್ಪಷ್ಟವಾಗಿ ಕಾಣಿಸಿದುವು.

ಇದಕ್ಕೂ ಮೊದಲೇ, 1960ರ ದಶಕದ ಕೊನೆಯ ಬರಗಾಲದಲ್ಲಿ, ಗಾಳಿಯ ಒತ್ತಡದಿಂದ ಬಂಡೆಯನ್ನು ಕುಟ್ಟಿ ಕೊರೆಯುವ ಯಂತ್ರಗಳನ್ನು ಯುನಿಸೆಫ್ ಸಂಸ್ಥೆಯು ಭಾರತಕ್ಕೆ ತಂದಿತು. ತಿಂಗಳುಗಟ್ಟಲೆಯ ಕೆಲಸವು ಒಂದೆರಡು ದಿನಕ್ಕೆ ಇಳಿಯಿತು. ಹಳ್ಳಿಗಳಿಗೆ ಶುದ್ಧವಾದ ಕುಡಿಯುವ ನೀರು ಬಂದುದು ನಿಸ್ಸಂಶಯವಾಗಿ ದೊಡ್ಡ ಉಪಕಾರ. ಆದರೆ ಕಲ್ಲುನೆಲದಲ್ಲಿ ನೀರನ್ನು ಕೂಡಿಡುವ ಕೊಪ್ಪರಿಗೆಯೆಂದರೆ ಮೇಲಣ ಗರಸು. ಬಿರುಕು ಅದರಿಂದ ಹೊರಟ ತೂಬು ಮಾತ್ರ. ಆಳಕ್ಕೆ ಇಳಿದಂತೆ ಬಿರುಕುಗಳು ಸಾಮಾನ್ಯವಾಗಿ ವಿರಳವಾಗುವುವು. ಒಂದೇ ಸಿರೆಗೆ ಇಬ್ಬರು ನೆರೆಯವರು ಕೊಳವೆಯಿಳಿಸಿದರೆ, ಒಬ್ಬನ ಲಾಭವು ಮತ್ತೊಬ್ಬನ ಬರಿಬಾವಿ. ಸಾಲವೆತ್ತಿ ಕೊರೆಯಿಸಿದವನು ನೀರಿಲ್ಲದ ತೂತಿಗೂ ಬಡ್ಡಿಯನ್ನು ತೆರಬೇಕಾಗುವುದು. ಕರ್ನಾಟಕದಲ್ಲಿ 2011ರ ಅಂತರ್ಜಲದ ಕಾಯಿದೆಯು, ಅಧಿಸೂಚಿತವಾದ ಪ್ರದೇಶಗಳಲ್ಲಿ ಹೊಸ ಬಾವಿಗೆ ಅನುಮತಿಯು ಬೇಕೆಂದು ವಿಧಿಸಿತು.

ನಮ್ಮ ಪೂರ್ವಿಕರು ನೀರನ್ನು ಕಂಡುಹಿಡಿಯುವುದಕ್ಕೆ ಎಷ್ಟು ಗಮನವನ್ನು ಕೊಟ್ಟರೋ, ಉಳಿಸುವುದಕ್ಕೂ ಅಷ್ಟೇ ಕೊಟ್ಟಿದ್ದರು. ಬಾವಿ ಕೆರೆಗಳನ್ನು ಕಟ್ಟಿಸುವುದು ಪೂರ್ತಧರ್ಮವೆನಿಸಿತ್ತು. ಕೆರೆಯ ಏರಿಯನ್ನು ಕಾದು ಹೂಳೆತ್ತಿಸುವವರಿಗೆ ಭೂಮಿಯನ್ನು ಬಿಟ್ಟ ‘ಕಟ್ಟುಕೊಡಗೆ’, ‘ಬಿತ್ತುವಟ್ಟ’ಗಳು ಕನ್ನಡ ಶಾಸನಗಳಲ್ಲಿ ಕಾಣುವುವು. ಕೆರೆಯಲ್ಲಿ ನಿಂತ ನೀರು ಗರಸಿಗೆ ಇಳಿದು, ಕೆಳಗಣ ಹೊಲಗಳ ಬಾವಿಗಳಲ್ಲಿ ಸೆಲೆಯಾಗಿ ಏಳುತ್ತಿದ್ದಿತು. ವರಾಹಮಿಹಿರನು ಹೇಳಿದ ಸಿರೆಯ ಉಪಮೆಯನ್ನು ಇನ್ನೊಂದು ಹೆಜ್ಜೆ ಮುಂದುವರಿಸಿದರೆ, ರಕ್ತವನ್ನು ತೆಗೆಯುವವನು ದೇಹಕ್ಕೆ ಅನ್ನವನ್ನೂ ಇಡಬೇಕಾಗುವುದು. ಇಂದು ಬಿರುಕನ್ನು ತೋರಿಸುವ ಯಂತ್ರಗಳು ಸುಲಭವಾಗಿವೆ. ಬಾವಿಯ ಸ್ಥಳವನ್ನು ಗುರುತಿಸಲು ಹೊರಟವರು, ಆ ಸಿರೆಗೆ ನೀರನ್ನುಣಿಸುವ ಕೆರೆಯಲ್ಲಿ ಹೂಳು ಎಷ್ಟು ತುಂಬಿದೆಯೆಂಬುದನ್ನು ಮೊದಲು ನೋಡಿಬರುವುದು ಉಚಿತ.