ತೊಟ್ಟಿಲಿಗಿಂತ ಮೊದಲು ತುಂಬುತ್ತಿದ್ದ ಡಬ್ಬಗಳು

ಮನೆಗೆ ಮಗು ಬರುತ್ತದೆ ಎಂದರೆ ಇಂದು ನಮಗೆ ಮೊದಲು ನೆನಪಾಗುವುದು ಆಸ್ಪತ್ರೆ, ತೊಟ್ಟಿಲು, ಪುಟ್ಟ ಬಟ್ಟೆಗಳು. ನಮ್ಮ ಅಜ್ಜಿಯರ ಲೆಕ್ಕವೇ ಬೇರೆ ಇತ್ತು. ಮಗು ಹುಟ್ಟುವ ಮುಂಚೆ ತೊಟ್ಟಿಲು ತರಬಾರದು, ಹೊಸ ಬಟ್ಟೆ ಹೊಲಿಸಬಾರದು ಎಂದು ಅನೇಕ ಮನೆಗಳಲ್ಲಿ ಹೇಳುತ್ತಿದ್ದರು. ಆದರೆ ಅದೇ ಮನೆಯ ಅಡುಗೆಕೋಣೆಯಲ್ಲಿ ತುಪ್ಪ, ಬೆಲ್ಲ, ಒಣ ಕೊಬ್ಬರಿ, ಮೆಣಸು, ಶುಂಠಿ, ಹಿಪ್ಪಲಿಗಳ ಡಬ್ಬಗಳು ತಿಂಗಳ ಮೊದಲೇ ತುಂಬಿರುತ್ತಿದ್ದವು. ಮಗುವಿನ ಸಾಮಾನಿಗೆ ಕಾಯಬಹುದು, ತಾಯಿಯ ಊಟಕ್ಕೆ ಕಾಯುವಂತಿಲ್ಲ. ಬಾಣಂತನದ ಅಡುಗೆಮನೆಯ ಇಡೀ ಚರಿತ್ರೆಯನ್ನು ಈ ಒಂದು ಮಾತಿನ ಸುತ್ತ ಹೇಳಬಹುದು.

ಈ ಸಿದ್ಧತೆ ಎಷ್ಟು ಹಳೆಯದು? ಚರಕ ಸಂಹಿತೆಯ ಶಾರೀರಸ್ಥಾನದ 8ನೇ ಅಧ್ಯಾಯವನ್ನು ತೆರೆದರೆ ಆಶ್ಚರ್ಯವಾಗುತ್ತದೆ. ಒಂಬತ್ತನೇ ತಿಂಗಳಿಗೆ ಮೊದಲೇ ಹೆರಿಗೆಯ ಮನೆಯನ್ನು ಕಟ್ಟಿಸಬೇಕು, ಅಲ್ಲಿ ಬೆಂಕಿಗೆ, ನೀರಿಗೆ, ಒರಳಿಗೆ, ಶೌಚಕ್ಕೆ, ಸ್ನಾನಕ್ಕೆ, ಅಡುಗೆಗೆ ಜಾಗ ಮಾಡಿರಬೇಕು ಎಂದು ಅದು ಹೇಳುತ್ತದೆ. ಆಮೇಲೆ ಬರುವುದು ಸಾಮಾನಿನ ಉದ್ದನೆಯ ಪಟ್ಟಿ. ತುಪ್ಪ, ಎಣ್ಣೆ, ಜೇನು, ಸೈಂಧವ ಲವಣ, ಒಣ ಶುಂಠಿ, ಹಿಪ್ಪಲಿ, ಹಿಪ್ಪಲಿ ಬೇರು, ಏಲಕ್ಕಿ, ಇಂಗು, ಸಾಸಿವೆ, ಬೆಳ್ಳುಳ್ಳಿ, ಅಗಸೆ, ಹುರುಳಿ ಎಲ್ಲವೂ ಅದರಲ್ಲಿವೆ. ಒರಳು ಎರಡಿರಲಿ, ಕಲ್ಲು ಎರಡಿರಲಿ ಎಂಬ ಸೂಚನೆಯೂ ಇದೆ! ಹೆತ್ತು ಅನುಭವವಿರುವ, ಪ್ರೀತಿಯಿಂದ ನೋಡಿಕೊಳ್ಳುವ ಹೆಂಗಸರು ಜೊತೆಗಿರಬೇಕು ಎನ್ನುವುದನ್ನೂ ಆ ಗ್ರಂಥ ಮರೆತಿಲ್ಲ. ಹೆರಿಗೆಯ ನಂತರ ಮೊದಲು ತುಪ್ಪದಂಥ ಜಿಡ್ಡಿನೊಡನೆ ಹಿಪ್ಪಲಿ, ಶುಂಠಿ ಮುಂತಾದವುಗಳ ಪುಡಿ, ಅದು ಜೀರ್ಣವಾದ ಮೇಲೆ ತೆಳುವಾದ ಗಂಜಿ, ಹೀಗೆ ಐದು ಅಥವಾ ಏಳು ರಾತ್ರಿ ಕಳೆದ ಮೇಲೆ ನಿಧಾನವಾಗಿ ಪುಷ್ಟಿಯ ಆಹಾರ. ದಿನದ ಲೆಕ್ಕ ಹಾಕಿ ಮಾಡಿದ ಊಟದ ಯೋಜನೆ ಇದು.

ಈ ಪಟ್ಟಿಯನ್ನು ಹಿಡಿದು ನಮ್ಮ ಊರಿನ ಗ್ರಂಧಿಗೆ ಅಂಗಡಿಗೆ ಹೋದರೆ ಅರ್ಧಕ್ಕರ್ಧ ಸಾಮಾನು ಇಂದಿಗೂ ಬಾಣಂತಿ ಸಾಮಾನೆಂದೇ ಸಿಗುತ್ತದೆ. ಆದರೆ ಕನ್ನಡದ ಪ್ರತಿ ಸೀಮೆಯೂ ಅದಕ್ಕೆ ತನ್ನ ರುಚಿ ಕೊಟ್ಟಿದೆ. ಧಾರವಾಡ, ವಿಜಯಪುರದ ಕಡೆ ಅಂಟಿನುಂಡೆ ಮತ್ತು ಅಳ್ವಿ ಪಾಯಸ. ಹಳೇ ಮೈಸೂರಿನ ಕಡೆ ಮೆಣಸಿನ ಸಾರು, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು. ಕರಾವಳಿಯಲ್ಲಿ ಮೆಂತ್ಯದ ಗಂಜಿ ಮತ್ತು ಬಾಣಂತಿ ಲೇಹ್ಯ.

ಇವೆಲ್ಲ ಒಂದು ದಿನದಲ್ಲಿ ಆಗುವ ಕೆಲಸವಾಗಿರಲಿಲ್ಲ. ಬೆಣ್ಣೆ ಕೂಡಿಟ್ಟು ತುಪ್ಪ ಕಾಯಿಸಬೇಕು. ಕೊಬ್ಬರಿ ಒಣಗಬೇಕು. ಹಳೆಯ ಅಕ್ಕಿ ತೆಗೆದಿಡಬೇಕು. ಮೆಣಸು, ಜೀರಿಗೆ, ಓಂಕಾಳುಗಳನ್ನು ಆರಿಸಿ, ಹುರಿದು, ಕುಟ್ಟಿ, ಜರಡಿ ಹಿಡಿಯಬೇಕು. ಹುರಿದ ಪುಡಿಯಲ್ಲಿ ತೇವವಿಲ್ಲ, ಹಾಗಾಗಿ ಗಾಳಿಯಾಡದ ಡಬ್ಬದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಬಿಸಿ ಅನ್ನಕ್ಕೆ ಒಂದು ಚಮಚ ಪುಡಿ, ಮೇಲೆ ತುಪ್ಪ ಹಾಕಿದರೆ ಊಟ ಸಿದ್ಧ. ಅಂಟಿನುಂಡೆಯನ್ನು ರಾತ್ರಿ ಎರಡು ಗಂಟೆಗೆ ಮಗುವಿಗೆ ಹಾಲೂಡಿಸುತ್ತಲೂ ಒಂದೇ ಕೈಯಲ್ಲಿ ತಿನ್ನಬಹುದು. ಫ್ರಿಜ್ ಇಲ್ಲದ ಕಾಲದ ಹೆಂಗಸರು ಕಂಡುಕೊಂಡ ದಾರಿ ಇದು.

ಹಾಗೆಂದು ಹಿಂದಿನದೆಲ್ಲ ಚೆನ್ನಾಗಿತ್ತು ಎನ್ನುವ ಹಾಗಿಲ್ಲ. ಪುರುಡಿನ ದಿನಗಳಲ್ಲಿ ಬಾಣಂತಿಗೆ ಬೇರೆ ಕೋಣೆ, ಬೇರೆ ತಟ್ಟೆ. ಅಡುಗೆಮನೆಗೆ ಅವಳು ಕಾಲಿಡುವಂತಿರಲಿಲ್ಲ. ಅದರಿಂದ ವಿಶ್ರಾಂತಿ ಸಿಕ್ಕಿದ್ದು ನಿಜ. ಆದರೆ ಗಾಳಿಯಿಲ್ಲದ ಹೊಗೆ ಕೋಣೆ, ಒಂಟಿತನ, ನೀರು ಕೊಡದಿರುವುದು, ತರಕಾರಿ ಹಣ್ಣುಗಳ ಪಥ್ಯ ಇವೂ ಅದರ ಜೊತೆಗೇ ಬಂದವು. ಮಗುವಿನ ವಿಷಯದಲ್ಲಂತೂ ಶಾಸ್ತ್ರಗಳೇ ಒಂದು ಮಾತಿನಲ್ಲಿ ಇರಲಿಲ್ಲ. ಚರಕ ಸಂಹಿತೆ ಜೇನು ತುಪ್ಪ ನೆಕ್ಕಿಸಿದ ಮೇಲೆ ಎದೆಹಾಲು ಕೊಡಿ ಎಂದರೆ, ಸುಶ್ರುತ ಸಂಹಿತೆ ಮೂರು ನಾಲ್ಕು ರಾತ್ರಿಗಳ ಮೇಲೆ ಹಾಲು ಬರುತ್ತದೆ ಎನ್ನುತ್ತದೆ. ಹಳದಿ ಬಣ್ಣದ ದಪ್ಪನೆಯ ಮೊದಲ ಹಾಲನ್ನು ಹಿಂಡಿ ಚೆಲ್ಲುವ ಪದ್ಧತಿ ಎಷ್ಟೋ ಮನೆಗಳಲ್ಲಿತ್ತು. ಇಂದಿನ ವೈದ್ಯರ ಮಾತು ಸ್ಪಷ್ಟವಾಗಿದೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಬೇಕು, ಆ ಮೊದಲ ಹಾಲೇ ಮಗುವಿಗೆ ರಕ್ಷೆ. ಒಂದು ವರ್ಷ ತುಂಬುವವರೆಗೆ ಜೇನು ಬೇಡ. ತಾಯಿ ಬೇಕಾದಷ್ಟು ನೀರು ಕುಡಿಯಬೇಕು, ಸೊಪ್ಪು, ಬೇಳೆ, ಹಣ್ಣು ತಿನ್ನಬೇಕು.

ಇನ್ನೊಂದು ಸತ್ಯವನ್ನೂ ಹೇಳಬೇಕು. ಈ ತುಂಬಿದ ಡಬ್ಬಗಳು ಎಲ್ಲರ ಮನೆಯಲ್ಲೂ ಇರಲಿಲ್ಲ. ಕೂಲಿಯ ಮನೆಯಲ್ಲಿ ತಿಂಗಳ ಮೊದಲೇ ತುಪ್ಪ ಕೂಡಿಡುವವರು ಯಾರು? ಹೆತ್ತ ಕೆಲವೇ ದಿನಗಳಲ್ಲಿ ಹೊಲಕ್ಕೋ ಗಿರಣಿಗೋ ಮರಳಿದವರು ಅದೆಷ್ಟೋ ಮಂದಿ. ಗಿರಣಿಗಳ ಊರಾದ ಮುಂಬೈಯನ್ನು ಒಳಗೊಂಡ ಪ್ರಾಂತ್ಯದಲ್ಲಿ 1929ರಲ್ಲಿ ಹೆರಿಗೆ ಸವಲತ್ತಿನ ಕಾಯ್ದೆ ಬಂತು. ದೇಶದಲ್ಲಿ ಇಂಥ ಮೊದಲ ಕಾಯ್ದೆ ಅದು. 1961ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಆಯಿತು. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. ರಜೆ ಮತ್ತು ಸಂಬಳ ಇದ್ದಾಗ ಮಾತ್ರ ಬಾಣಂತಿಯ ಡಬ್ಬ ತುಂಬುತ್ತದೆ.

ಈ ನಡುವೆ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋಯಿತು. ಮದ್ರಾಸಿನ ಎಗ್ಮೋರ್ ಆಸ್ಪತ್ರೆ 1844ರಷ್ಟು ಹಿಂದಿನದು. ದೆಹಲಿಯ ಲೇಡಿ ಹಾರ್ಡಿಂಜ್ 1916ರದು, ಮುಂಬೈಯ ವಾಡಿಯಾ 1926ರದು, ಬೆಂಗಳೂರಿನ ವಾಣಿ ವಿಲಾಸ 1935ರದು. ಬಾಣಂತಿಯ ಊಟ ಈಗ ಟಿಫನ್ ಕ್ಯಾರಿಯರ್ ಏರಿತು. 1959ರಲ್ಲಿ ಮುಂಬೈಯಲ್ಲಿ ಹಾಕಿನ್ಸ್ ಕಂಪನಿ ಶುರುವಾಗಿ ಪ್ರೆಷರ್ ಕುಕ್ಕರ್ ಮನೆಗಳಿಗೆ ಬಂತು. 1960ರ ದಶಕದಲ್ಲಿ ಸುಮೀತ್ ಮಿಕ್ಸಿ ಬಂದ ಮೇಲೆ ಕುಟ್ಟುವ ಕಷ್ಟ ಕಡಿಮೆಯಾಯಿತು. ಕಪಾಟಿಗೆ ಹಾಲಿನ ಪುಡಿಯ ಡಬ್ಬವೂ ಬಂತು. ಅದು ತಾಯಿಹಾಲಿನ ಜಾಗವನ್ನೇ ಹಿಡಿಯುವಂತಾದಾಗ 1992ರ ಕಾಯ್ದೆ ಶಿಶು ಹಾಲಿನ ಜಾಹೀರಾತಿಗೆ ತಡೆ ಹಾಕಿತು.

ಊರು ಬಿಟ್ಟು ಬಂದ ನಮ್ಮಂಥವರಿಗೆ ಬದಲಾದದ್ದು ಬರೀ ಉಪಕರಣವಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ಎಲ್ಲರಿಗೂ ಆಗುವುದಿಲ್ಲ. ಮೊದಮೊದಲು ತಾಯಿಯೇ ಅಂಟಿನುಂಡೆಯ ಡಬ್ಬ ಕಟ್ಟಿಕೊಂಡು ರೈಲು ಹತ್ತಿ ಬರುತ್ತಿದ್ದಳು. ಈಗ ಎಷ್ಟೋ ತಾಯಂದಿರೂ ಉದ್ಯೋಗದಲ್ಲಿದ್ದಾರೆ, ಕೆಲವರಿಗೆ ಪ್ರಯಾಣ ಮಾಡುವ ಶಕ್ತಿಯಿಲ್ಲ. ಹಾಗಾಗಿ ಪುಣೆಯ ಎರಡು ಕೋಣೆಯ ಮನೆಯಲ್ಲೋ ಹೈದರಾಬಾದಿನ ಫ್ಲಾಟಿನಲ್ಲೋ ಈ ಕೆಲಸ ಗಂಡ ಹೆಂಡತಿ ಇಬ್ಬರ ಪಾಲಿಗೆ ಬಂದಿದೆ. ಅಪ್ಪನಾಗುವವನು ಅಡುಗೆಮನೆಗೆ ಕಾಲಿಟ್ಟಿದ್ದು ಈ ಚರಿತ್ರೆಯ ಹೊಸ ಅಧ್ಯಾಯ.

ಅವರಿಗೆ ಹಳೆಯ ಪದ್ಧತಿಯಿಂದ ಉಪಯೋಗವಾಗುವುದು ಮೂರು ಸಂಗತಿ. ಒಂದು, ಎಂಟನೇ ತಿಂಗಳಲ್ಲೇ ಪಟ್ಟಿ ಬರೆದು ಅಕ್ಕಿ, ಬೇಳೆ, ಬೆಲ್ಲ, ತುಪ್ಪ ತಂದಿಡುವುದು. ಎರಡು, ಕೆಡದ ಪುಡಿ, ಉಂಡೆಗಳನ್ನು ಮೊದಲೇ ಮಾಡಿ, ಬೇರೆಯವರಿಗೂ ಕಾಣುವಂತೆ ಹೆಸರಿನ ಚೀಟಿ ಅಂಟಿಸಿ ಕೈಗೆಟಕುವ ಕಡೆ ಇಡುವುದು. ಮೂರು, ಮೊದಲ ನಲವತ್ತು ದಿನ ಯಾವ ಹೊತ್ತಿಗೆ ಯಾರು ಅಡುಗೆ ಮಾಡುತ್ತಾರೆ ಎಂದು ಮೊದಲೇ ಮಾತಾಡಿಕೊಳ್ಳುವುದು. ರಾಗಿ ಸರಿಗೆ ಅವಸರವಿಲ್ಲ, ಮಗುವಿಗೆ ಅದು ಬೇಕಾಗುವುದು ಆರು ತಿಂಗಳು ತುಂಬಿದ ಮೇಲೆ. ಶುಂಠಿ, ಹಿಪ್ಪಲಿ ಅಡುಗೆಯ ಅಳತೆಯಲ್ಲಿರಲಿ. ಲೇಹ್ಯವನ್ನು, ಅದರಲ್ಲೂ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಲಿ.

ಇನ್ನು ಒಂದು ಕೆಲಸ ಬಾಕಿ ಇದೆ. 1958ರಲ್ಲಿ ದೇಶದಲ್ಲಿ ಮೆಟ್ರಿಕ್ ತೂಕ ಜಾರಿಗೆ ಬಂದರೂ ನಮ್ಮ ಅಜ್ಜಿಯರ ಅಳತೆ ಪಾವು, ಸೇರು, ಹಿಡಿ, ಚಿಟಿಕೆಯಲ್ಲೇ ಉಳಿಯಿತು. ಅದು ಯಾವ ಪುಸ್ತಕದಲ್ಲೂ ಇಲ್ಲ, ಅವರ ಕೈಯಲ್ಲಿದೆ. ಮನೆಯಲ್ಲಿ ಅಜ್ಜಿಯೋ ದೊಡ್ಡಮ್ಮನೋ ಇದ್ದರೆ ಈ ಭಾನುವಾರ ಊರಿಗೆ ಫೋನ್ ಮಾಡಿ. ಬಾಣಂತಿ ಪುಡಿಗೆ ಮೆಣಸೆಷ್ಟು, ಜೀರಿಗೆಯೆಷ್ಟು ಎಂದು ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ಗ್ರಾಮಿನ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳಿ.