ನೀಲಕುರಿಂಜಿ ಮತ್ತು ಗರಗಸ ಮೀನು: ವರ್ಗೀಕರಣ ಹಾಗೂ ಸಂರಕ್ಷಣಾ ಸ್ಥಿತಿ

ನೀಲಕುರಿಂಜಿಯು ದಕ್ಷಿಣ ಭಾರತದ ಎತ್ತರದ ಬೆಟ್ಟಗಳಲ್ಲಿ ಬೆಳೆಯುವ ಹೂಬಿಡುವ ಪೊದೆಸಸ್ಯ. ಇದರ ವೈಜ್ಞಾನಿಕ ಹೆಸರು ಸ್ಟ್ರೊಬಿಲಾಂಥಸ್ ಕುಂತಿಯಾನಾ. ಪ್ರಿಸ್ಟಿಸ್ ಪ್ರಿಸ್ಟಿಸ್ ಎಂಬ ಗರಗಸ ಮೀನು ಉಷ್ಣವಲಯದ ಕರಾವಳಿ ಹಾಗೂ ನದಿಗಳಲ್ಲಿ ವಾಸಿಸುವ, ತೊರಕೆ ಗುಂಪಿಗೆ ಸೇರಿದ ಮೀನು. ಒಂದು ಸಸ್ಯ, ಇನ್ನೊಂದು ಪ್ರಾಣಿಯಾದರೂ ಎರಡೂ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿವೆ. ಪ್ರಭೇದವನ್ನು ಹೇಗೆ ಗುರುತಿಸಲಾಗುತ್ತದೆ ಎಂಬುದರ ಮೇಲೆ ಎರಡರ ಕಾನೂನು ರಕ್ಷಣೆಯೂ ನಿಂತಿದೆ.

ವರ್ಗೀಕರಣ

ನೀಲಕುರಿಂಜಿಯು ಲ್ಯಾಮಿಯೇಲ್ಸ್ ಗಣದ ಅಕ್ಯಾಂತೇಸಿ ಕುಟುಂಬಕ್ಕೆ ಸೇರಿದೆ. ಆಡುಸೋಗೆ, ಕನಕಾಂಬರಗಳೂ ಇದೇ ಕುಟುಂಬದವು.

ಗರಗಸ ಮೀನಿನ ಸ್ಥಾನ ಅಷ್ಟು ಸರಳವಲ್ಲ. ದೇಹದ ಆಕಾರ ಶಾರ್ಕಿನಂತಿರುವುದರಿಂದ ಲಿನ್ನೇಯಸ್ 1758ರಲ್ಲಿ ಇದನ್ನು ಶಾರ್ಕ್‌ಗಳೊಂದಿಗೆ ಸ್ಕ್ವಾಲಸ್ ಕುಲದಲ್ಲಿ ಇರಿಸಿದ್ದನು. ಆದರೆ ಶಾರ್ಕ್‌ಗಳಲ್ಲಿ ಕಿವಿರು ಸೀಳುಗಳು ದೇಹದ ಪಕ್ಕದಲ್ಲಿದ್ದರೆ, ಇದರಲ್ಲಿ ತೊರಕೆಗಳಂತೆಯೇ ಅಡಿಭಾಗದಲ್ಲಿವೆ. ಇಂದು ಇದನ್ನು ಮೃದ್ವಸ್ಥಿ ಮೀನುಗಳ ವರ್ಗದ ರೈನೋಪ್ರಿಸ್ಟಿಫಾರ್ಮಿಸ್ ಗಣ, ಪ್ರಿಸ್ಟಿಡೇ ಕುಟುಂಬದಲ್ಲಿ ಸೇರಿಸಲಾಗಿದೆ. ಹೆಸರಿನಲ್ಲಿ ಹತ್ತಿರವಿರುವ ಗರಗಸ ಶಾರ್ಕ್ ಮಾತ್ರ ನಿಜವಾದ ಶಾರ್ಕ್.

ಸಂರಕ್ಷಣಾ ಸ್ಥಿತಿ

ಗರಗಸ ಮೀನು ಕೆಂಪು ಪಟ್ಟಿಯಲ್ಲಿ 'ತೀವ್ರ ಅಳಿವಿನಂಚಿನಲ್ಲಿರುವ' ಪ್ರಭೇದ. ಕಾಡಿನಲ್ಲಿ ನಾಶವಾದವುಗಳಿಗಿಂತ ಇದು ಒಂದೇ ಮೆಟ್ಟಿಲು ಹಿಂದಿದೆ. ಹಲ್ಲುಗಳಿರುವ ಉದ್ದನೆಯ ಮೂತಿ ಯಾವ ಬಲೆಗಾದರೂ ಸುಲಭವಾಗಿ ಸಿಕ್ಕಿಕೊಳ್ಳುತ್ತದೆ. ಇದು ಮೊಟ್ಟೆಯಿಡದೆ ಕೆಲವೇ ಮರಿಗಳನ್ನು ಹಾಕುವುದರಿಂದ ನಷ್ಟ ಬೇಗ ತುಂಬುವುದಿಲ್ಲ. ಭಾರತದಲ್ಲಿ 2001ರಿಂದ ಗರಗಸ ಮೀನುಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಆದರೂ ಅವು ಬಲೆಗೆ ಬೀಳುವುದು ನಿಂತಿಲ್ಲ. 2021ರಲ್ಲಿ ಮಲ್ಪೆಯ ಮೀನುಗಾರರಿಗೆ ಗರಗಸ ಮೀನೊಂದು ಸಿಕ್ಕಿದ್ದು ಸುದ್ದಿಯಾಗಿತ್ತು.

ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದವು 2007ರಲ್ಲಿ ಗರಗಸ ಮೀನುಗಳನ್ನು ಒಂದನೇ ಅನುಬಂಧಕ್ಕೆ ಸೇರಿಸಿತು. ಆಗ ಬೇರೆ ಪ್ರಭೇದವೆಂದು ಎಣಿಸಲಾಗಿದ್ದ ಪ್ರಿಸ್ಟಿಸ್ ಮೈಕ್ರೋಡಾನ್ ಮಾತ್ರ ಎರಡನೇ ಅನುಬಂಧದಲ್ಲಿ ಉಳಿದು, ಮತ್ಸ್ಯಾಲಯಗಳಿಗಾಗಿ ಅದರ ಜೀವಂತ ಮಾರಾಟಕ್ಕೆ ಅವಕಾಶವಿತ್ತು. 2013ರಲ್ಲಿ ಈ ವಿನಾಯಿತಿ ರದ್ದಾಯಿತು. ಅದೇ ವರ್ಷ ಪ್ರಕಟವಾದ ಅಧ್ಯಯನವು ಅದು ಪ್ರಿಸ್ಟಿಸ್ ಪ್ರಿಸ್ಟಿಸ್‌ಗಿಂತ ಭಿನ್ನವಲ್ಲವೆಂದು ತೋರಿಸಿತು. ಒಂದೇ ಮೀನಿಗೆ ಹೆಸರಿನ ಕಾರಣದಿಂದ ಆರು ವರ್ಷ ಎರಡು ನಿಯಮಗಳಿದ್ದವು.

ನೀಲಕುರಿಂಜಿಯನ್ನು ಕೆಂಪು ಪಟ್ಟಿಗಾಗಿ ಮೌಲ್ಯಮಾಪನ ಮಾಡಿದ್ದು ಬಹಳ ತಡವಾಗಿ. 2024ರಲ್ಲಿ ಇದನ್ನು, ಅಪಾಯದ ಮೂರು ಹಂತಗಳಲ್ಲಿ ಮೊದಲನೆಯದಾದ 'ದುರ್ಬಲ' ವರ್ಗಕ್ಕೆ ಸೇರಿಸಲಾಯಿತು. ಚಹಾ ತೋಟ, ನೀಲಗಿರಿ ಮತ್ತು ಅಕೇಶಿಯಾ ನೆಡುತೋಪುಗಳು ಇದರ ನೆಲೆಯಾದ ಶೋಲಾ ಹುಲ್ಲುಗಾವಲುಗಳನ್ನು ಕಬಳಿಸಿವೆ. ಹನ್ನೆರಡು ವರ್ಷಗಳಿಗೊಮ್ಮೆ ಒಟ್ಟಾಗಿ ಹೂಬಿಟ್ಟು, ಬೀಜ ಉದುರಿಸಿ ಸಾಯುವ ಈ ಗಿಡಕ್ಕೆ ಹೂವಿನ ಕಾಲದಲ್ಲಿ ಬೀಳುವ ಬೆಂಕಿ ಇಡೀ ತಲೆಮಾರಿಗೇ ಪೆಟ್ಟು. ಮುನ್ನಾರಿನಲ್ಲಿ ಇದು 2006 ಮತ್ತು 2018ರಲ್ಲಿ ಅರಳಿತ್ತು. ಕೇರಳದಲ್ಲಿ ಇದಕ್ಕೆಂದೇ ಕುರಿಂಜಿಮಲ ಅಭಯಾರಣ್ಯವಿದೆ. 2022ರ ತಿದ್ದುಪಡಿಯ ನಂತರ ನೀಲಕುರಿಂಜಿಯು ಕಾಯ್ದೆಯ ಮೂರನೇ ಅನುಸೂಚಿಯ ಸಂರಕ್ಷಿತ ಸಸ್ಯವಾಗಿದೆ. ಪಶ್ಚಿಮ ಘಟ್ಟಗಳಲ್ಲಿ ಸ್ಟ್ರೊಬಿಲಾಂಥಸ್ ಕುಲದ ಹತ್ತಾರು ಪ್ರಭೇದಗಳಿದ್ದು, ಜನರು ಅವುಗಳಲ್ಲಿ ಹಲವನ್ನು ಕುರಿಂಜಿ ಎಂದೇ ಕರೆಯುತ್ತಾರೆ. ಅವೆಲ್ಲವೂ ಹನ್ನೆರಡು ವರ್ಷಗಳ ಚಕ್ರವನ್ನು ಅನುಸರಿಸುವುದಿಲ್ಲ.