ಹೂವಿನ ಮೇಲಿನ ವ್ಯಾಪಾರ

ಶ್ರೀನಿವಾಸಪುರದ ಕಡೆ ಮಾವಿನ ತೋಟ ಹೂವಿನಲ್ಲೂ ಮಾರಾಟವಾಗುತ್ತದೆ, ಪಿಂದೆಯಲ್ಲೂ ಆಗುತ್ತದೆ, ಕಾಯಿ ಬಲಿತ ಮೇಲೂ ಆಗುತ್ತದೆ. ದುಡ್ಡಿನ ಅವಸರವಿದ್ದವರು ಹೂವಿನ ಮೇಲೇ ಕೊಟ್ಟುಬಿಡುತ್ತಾರೆ. ಅವಸರ ಇನ್ನೂ ಜಾಸ್ತಿಯಿದ್ದರೆ ಎರಡು ಮೂರು ವರ್ಷದ ಫಸಲು ಒಟ್ಟಿಗೇ ಗುತ್ತಿಗೆ. ಜನವರಿಯಲ್ಲಿ ಮರ ನೋಡಿ ರೇಟು ಹೇಳುವುದು ನಮ್ಮ ತಂದೆಯ ಕಾಲದಿಂದ ನಮ್ಮ ಮನೆಯ ಕಸುಬು. ಆಮೇಲೆ ಜಿಗಿಹುಳು, ಬೂದಿರೋಗ, ಏಪ್ರಿಲ್ಲಿನ ಆಲಿಕಲ್ಲು. ಜೂನ್ ಹೊತ್ತಿಗೆ ಮಂಡಿಯಲ್ಲಿ ಜಗಳ: ಉದುರಿಹೋದ ಕಾಯಿಗೆ ನಾನ್ಯಾಕೆ ದುಡ್ಡು ಕೊಡಲಿ ಅಂತ ಗುತ್ತಿಗೆ ಹಿಡಿದವನು, ಒಪ್ಪಿದ ಮೇಲೆ ಒಪ್ಪಿದ್ದೇ ಅಂತ ತೋಟದವನು.

ಇದೇ ಜಗಳ ಮದೀನಾದಲ್ಲೂ ಇತ್ತು. ಅಲ್ಲಿ ಖರ್ಜೂರ, ಅಷ್ಟೇ. ಜನ ಮರದ ಮೇಲೇ ಫಸಲು ಕೊಂಡು, ಕೊಯ್ಲಿಗೆ ಬಂದಾಗ ಕೊಳೆ ಬಿತ್ತು, ಬಲಿಯುವ ಮೊದಲೇ ಉದುರಿತು ಎಂದು ತಕರಾರು ತೆಗೆಯುತ್ತಿದ್ದರಂತೆ. ತಂಟೆ ಹೆಚ್ಚಾದಾಗ ಪ್ರವಾದಿ ಮುಹಮ್ಮದರು, ಫಲ ಹದಕ್ಕೆ ಬಂದದ್ದು ಕಾಣುವ ತನಕ ಮಾರಬೇಡಿ ಎಂದರು. ಇದನ್ನು ವರದಿ ಮಾಡಿದವರು ಪ್ರವಾದಿಯವರ ಸಂಗಾತಿ ಝೈದ್ ಬಿನ್ ಸಾಬಿತ್. ಹದೀಸ್ ಎಂದರೆ ಇದೇ: ಪ್ರವಾದಿಯವರು ಆಡಿದ್ದು, ಮಾಡಿದ್ದು, ಕಣ್ಣೆದುರು ನಡೆದಾಗ ಬೇಡವೆನ್ನದೆ ಬಿಟ್ಟದ್ದು, ಇವುಗಳ ವರದಿ. ವ್ಯಾಪಾರ ಹಲಾಲ್, ಬಡ್ಡಿ ಹರಾಮ್ ಎಂದು ಕುರ್‌ಆನ್ ಹೇಳುತ್ತದೆ. ತೋಟವನ್ನು ಯಾವ ತಿಂಗಳಲ್ಲಿ ಮಾರಬಹುದು ಎನ್ನುವುದಕ್ಕೆ ಹದೀಸಿಗೇ ಹೋಗಬೇಕು.

ಹೋದರೆ ಮೊದಲು ಸಿಗುವುದು ಮಾತಲ್ಲ, ಹೆಸರುಗಳು. ಹದೀಸ್ ಸಂಗ್ರಹಿಸಿದ ಬುಖಾರಿಯವರ ಗ್ರಂಥದಲ್ಲಿ ಈ ವರದಿ ಲೈಸ್, ಅವರಿಗೆ ಹೇಳಿದ ಅಬೂ ಝಿನಾದ್, ಅವರಿಗೆ ಉರ್ವಾ, ಅವರಿಗೆ ಸಹ್ಲ್, ಅವರಿಗೆ ಝೈದ್ ಎಂದು ಬರುತ್ತದೆ. ಲೈಸ್ ತೀರಿಕೊಂಡದ್ದು 791ರಲ್ಲಿ. ಬುಖಾರಿ ಹುಟ್ಟಿದ್ದು 810ರಲ್ಲಿ. ಆದ್ದರಿಂದ ಬುಖಾರಿ ‘ನನಗೆ ಹೇಳಿದರು’ ಎನ್ನುವುದಿಲ್ಲ, ‘ಲೈಸ್ ಹೇಳಿದರು’ ಎಂದಷ್ಟೇ ಬರೆಯುತ್ತಾರೆ. ಕೊಂಡಿ ಬಿಟ್ಟಿರುವುದನ್ನು ಮುಚ್ಚುವುದಿಲ್ಲ. ಇಂಥ ವರದಿಗೆ ಮುಅಲ್ಲಕ್ ಎಂಬ ಪ್ರತ್ಯೇಕ ಹೆಸರೇ ಇದೆ. ಹೇಳಿದವನು ಯಾರ ಶಿಷ್ಯ, ನೆನಪು ಗಟ್ಟಿಯೋ, ಸುಳ್ಳಾಡುತ್ತಿದ್ದನೋ ಎಂದು ಒಬ್ಬೊಬ್ಬರ ಜಾತಕ ತೆಗೆದ ಸಂಪುಟಗಳಿವೆ. ಇಬ್ನ್ ಹಜರ್ ಅವರ ‘ತಹ್ಝೀಬುತ್ತಹ್ಝೀಬ್’ ಅಂಥದ್ದು. ಅದನ್ನು ಅಚ್ಚು ಹಾಕಿದ್ದು ನಮ್ಮ ದಖ್ಖನ್ನಿನ ಹೈದರಾಬಾದಿನಲ್ಲಿ, 1888ರಲ್ಲಿ ಶುರುವಾದ ದಾಇರತುಲ್ ಮಆರಿಫ್. ಸಾಲ ಕೊಡುವ ಮುಂಚೆ ನಾವೂ ಇಷ್ಟು ವಿಚಾರಿಸುವುದಿಲ್ಲ.

ಮಾತು ಒಂದೇ, ತೀರ್ಪು ಒಂದೇ ಅಲ್ಲ. ಪ್ರವಾದಿಯವರು ಇದನ್ನು ಸಲಹೆಯ ಹಾಗೆ ಹೇಳಿದರು ಎಂದು ಝೈದ್ ಸೇರಿಸಿದ್ದಾರೆ. ಇಬ್ನ್ ಉಮರ್ ಅವರ ವರದಿಯಲ್ಲಿ ಮಾರುವವನಿಗೂ ಕೊಳ್ಳುವವನಿಗೂ ಖಡಕ್ ನಿಷೇಧ. ಹಾನಿ ಮೂರನೇ ಒಂದು ಪಾಲು ಮುಟ್ಟಿದರೆ ದುಡ್ಡು ಇಳಿಸಬೇಕು ಎಂದರು ಇಮಾಮ್ ಮಾಲಿಕ್. ನಮ್ಮ ಕಡೆ ಹೆಚ್ಚಿನವರು ಹನಫಿ ಪಂಥದವರು. ಪಿಂದೆ ಕಂಡಿದ್ದರೆ ವ್ಯಾಪಾರ ಊರ್ಜಿತ, ಬರೀ ಹೂವಿಗೆ ಊರ್ಜಿತವಲ್ಲ ಎನ್ನುವ ಪೈಕಿ. ಹತ್ತೊಂಬತ್ತನೇ ಶತಮಾನದ ಡಮಾಸ್ಕಸ್ಸಿನಲ್ಲಿ ಊರಿಗೆ ಊರೇ ಮರದ ಮೇಲಿನ ಹಣ್ಣು ಮಾರುತ್ತಿದ್ದುದನ್ನು ಕಂಡ ಹನಫಿ ಪಂಡಿತ ಇಬ್ನ್ ಆಬಿದೀನ್, ಜನರ ಅನಿವಾರ್ಯ ನೋಡಿ ಸಡಿಲಿಕೆಗೆ ದಾರಿ ಹುಡುಕಿದರು. ನನಗೆ ಅವರ ಮೇಲೆ ಗೌರವ. ನಮ್ಮ ಮಂಡಿ ಅವರಿಗೆ ಅರ್ಧ ದಿನದಲ್ಲಿ ಅರ್ಥವಾಗುತ್ತಿತ್ತು.

ಬುಖಾರಿ ಓದಬೇಕೆಂದ ನಮ್ಮೂರ ಹುಡುಗರು ಮುಳಬಾಗಿಲು ದಾಟಿ ಘಾಟಿ ಇಳಿದು ವೆಲ್ಲೂರಿನ ಬಾಖಿಯಾತ್ ಮದರಸಾಕ್ಕೋ, 1924ರಲ್ಲಿ ಶುರುವಾದ ಉಮರಾಬಾದಿನ ದಾರುಸ್ಸಲಾಮಿಗೋ ಹೋಗುತ್ತಾರೆ. ವಾಪಸ್ಸು ಬಂದ ಹಜ್ರತ್‌ಗಳು ತೋಟದ ವಿಷಯದಲ್ಲಿ ಒಂದೇ ಮಾತು ಹೇಳುವುದಿಲ್ಲ. ಅದಕ್ಕೇ ಮಂಡಿಯವರು ತಮಗೆ ಒಗ್ಗುವ ಹಜ್ರತ್‌ರನ್ನೇ ಕೇಳುತ್ತಾರೆ, ಆ ಮಾತು ಬೇರೆ.

ಝೈದ್ ಸ್ವಂತ ಜಮೀನಿನ ಹಣ್ಣನ್ನು ಸುರಯ್ಯಾ ನಕ್ಷತ್ರ ಮೂಡಿ, ಹಳದಿ ಯಾವುದು ಕೆಂಪು ಯಾವುದು ಬೇರೆ ಕಾಣುವ ತನಕ ಮಾರುತ್ತಿರಲಿಲ್ಲವಂತೆ. ಸುರಯ್ಯಾ ಎಂದರೆ ನಮ್ಮ ಕೃತ್ತಿಕೆ. ಮೇ ತಿಂಗಳ ಕೃತ್ತಿಕೆ ಮಳೆ ಕಳೆದ ಮೇಲೆ ಅದು ಬೆಳಗಿನ ಜಾವ ಮೂಡಣದಲ್ಲಿ ಮತ್ತೆ ಕಾಣಿಸುತ್ತದೆ. ಇಲ್ಲಿ ಬೇನಿಷಾ, ತೋತಾಪುರಿ ಕೊಯ್ಲಿನ ಹೊತ್ತೂ ಅದೇ.

ಎರಡು ಮೂರು ವರ್ಷದ ಗುತ್ತಿಗೆಗೆ ಮಾತ್ರ ಜಾಬಿರ್ ಅವರ ವರದಿ ಅಡ್ಡ ನಿಲ್ಲುತ್ತದೆ. ವರ್ಷಗಟ್ಟಲೆ ಫಸಲು ಮುಂಚಿತವಾಗಿ ಮಾರುವುದು ಬೇಡವೆಂದು ನೇರವಾಗಿಯೇ ಇದೆ. ಬೇಕಿದ್ದರೆ ಪಾಲಿಗೆ ಮಾಡಬಹುದು. ಅರೇಬಿಯಾದ ಖೈಬರಿನ ತೋಟಗಳನ್ನು ಪ್ರವಾದಿಯವರು ಅರ್ಧ ಪಾಲಿಗೆ ಕೊಟ್ಟಿದ್ದರು. ಆದರೆ ಮಗಳ ಮದುವೆ ಮುಂದಿಟ್ಟುಕೊಂಡವನಿಗೆ ಪಾಲು ಬೇಡ, ಇವತ್ತೇ ನೋಟು ಬೇಕು. ನಮ್ಮ ಮನೆಯಲ್ಲಿ ಹೂವಿಗೆ ಮುಂಗಡ ಮಾತ್ರ, ರೇಟು ಕಾಯಿ ನೋಡಿದ ಮೇಲೆ. ಇದರಿಂದ ಒಳ್ಳೊಳ್ಳೆ ತೋಟಗಳು ಪಕ್ಕದ ಬೀದಿಯವರ ಪಾಲಾಗಿವೆ.